ಮೊಸರು ಬಿಟ್ಟ ಸೈದಪ್ಪ

ಸೋಲಾಪುರದ ಗಿರಣಿಯಲ್ಲಿ ಮಗ್ಗ ನಡೆಸುವ ಸೈದಪ್ಪನಿಗೆ ಮೊಸರೆಂದರೆ ಜೀವ. ಡಬ್ಬಿಯಲ್ಲಿ ರೊಟ್ಟಿ ಮರೆತಾನು, ಮೊಸರು ಮರೆಯುವವನಲ್ಲ. ಹೀಗಾಗಿ ಹೆಂಡತಿ ಪುತಳಾಬಾಯಿ ವಿಷಮಜ್ವರದಿಂದ ಮಲಗಿದ ದಿನ, ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದೂ ಮೊಸರೇ. ಚಾಳಿನ ಸಾಲುಮನೆಗಳ ಮಂದಿಯೆಲ್ಲ ನೋಡುತ್ತಿರುವಾಗ ದೇವರ ಜಗಲಿಗೆ ಕೈಮುಗಿದ.

"ಖಂಡೋಬಾ, ಇಕಿ ಎದ್ದು ಓಡಾಡೂತನಕಾ ನಾ ಮಸರ ಮುಟ್ಟಂಗಿಲ್ಲ, ಮನಿಯೊಳಗೂ ತರಂಗಿಲ್ಲ."

ಮುಟ್ಟುವುದಿಲ್ಲ ಅಂದಿದ್ದರೆ ಸಾಕಿತ್ತು. ಮನೆಯೊಳಗೂ ತರುವುದಿಲ್ಲ ಅನ್ನು ಅಂತ ಇವನಿಗೆ ಹೇಳಿದವರು ಯಾರು?

ಹೊಸದಾಗಿ ಬಂದ ಗುಳಿಗೆಯಿಂದ ಜ್ವರವೇನೋ ಇಳಿಯಿತು. ಆದರೆ ಹೊಟ್ಟೆ ಕೆಟ್ಟಿತು. ಹತ್ತನೆಯ ದಿನ ಬೆಳಿಗ್ಗೆ ಪುತಳಾಬಾಯಿ ಗೋಡೆಯ ಕಡೆ ಮುಖ ಮಾಡಿ, "ಇನ್ನ ಗುಳಿಗಿ ಒಲ್ಲೆ. ಹೊಟ್ಟ್ಯಾಗ ನೀರ ಸೈತ ನಿಲ್ಲವಲ್ದು" ಅಂದಳು. ಡಾಕ್ಟರು ಬಂದು ನೋಡಿದರು.

"ನಡುವ ಬಿಟ್ರ ಜ್ವರಾ ತಿರಗಿ ಬರ್ತದ, ಆಗ ನನ್ನ ಕೈಯಾಗೂ ಇರಂಗಿಲ್ಲ. ಗುಳಿಗಿ ಕೆಟ್ಟ ಹುಳಾ ಕೊಲ್ಲೂದರ ಸಂಗಟ ಹೊಟ್ಟ್ಯಾಗಿನ ಒಳ್ಳೆ ಹುಳಾನೂ ಕೊಲ್ತದ. ಮಜ್ಜಿಗ್ಯಾಗ ಒಳ್ಳೇವು ಇರ್ತಾವ. ಗುಳಿಗಿ ಬಿಡಬ್ಯಾಡ್ರಿ, ಅದರ ಜೋಡಿ ಮಜ್ಜಿಗಿ ಕೊಡ್ರಿ. ಸಂಜಿಂದ ಸುರು ಮಾಡ್ರಿ."

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಗಂಗುಬಾಯಿಗೆ ಈ ಮಾತು ಚುಚ್ಚಿತು. "ಮಜ್ಜಿಗ್ಯಾಗ ಹುಳಾ ಅಂತ. ಮೂವತ್ತ ವರ್ಷ ಕಡಗೋಲ ಹಿಡದೀನಿ, ನನ್ನ ಗಡಗ್ಯಾಗ ಒಂದ ಇರಿವಿ ಬಿದ್ದಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಅದಿರಲಿ ಸೈದಪ್ಪಾ, ಹರಕಿದ ಏನ್ ಮಾಡ್ತಿ? ಮನಿಯೊಳಗ ತರಂಗಿಲ್ಲ ಅಂದೀದಿ. ಇಡೀ ಚಾಳ ಕೇಳೇದ."

"ಕಿಡಿಕ್ಯಾಗಿಂದ ಕುಡಿಸಿದ್ರ?"

"ಕಿಡಿಕಿ ಏನ್ ಮುನಸಿಪಾಲ್ಟೀದು?"

ಹಾಗಾದರೆ ಅವಳು ಮಲಗಿದ ಮಂಚವನ್ನೇ ಅಂಗಳಕ್ಕೆ ತರೋಣವೆಂದು ನಾಲ್ಕು ಮಂದಿ ಎತ್ತಿದರು. ಅದು ಬಾಗಿಲಲ್ಲಿ ಸಿಕ್ಕಿಬಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಹೋಗಲಿ, ಹೀಗೇ ಕುಡಿಸೋಣವೆಂದರೆ ಗಂಗುಬಾಯಿ ಒಪ್ಪಲಿಲ್ಲ.

"ತಲಿ ಹೊರಗದ ಖರೆ, ಹೊಟ್ಟಿ ಒಳಗದಲ್ಲ. ಮಜ್ಜಿಗಿ ಹೋಗೂದು ಹೊಟ್ಟಿಗೆ."

ಹೊದಿಕೆಯೊಳಗಿಂದ ಪುತಳಾಬಾಯಿ, "ನನ್ನ ಒಂದ್ ಕಡಿ ಇಡ್ರೋ ಯಪ್ಪಾ" ಅಂದಳು. ಮಂಚ ಮತ್ತೆ ಒಳಗೆ ಹೋಯಿತು. ಅವಳ ಕೈ ಜೋಳದ ದಂಟಿನ ಹಾಗಾಗಿತ್ತು. ಸೈದಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಅಕ್ಕಲಕೋಟೆಯ ಖಂಡೋಬಾನ ಗುಡಿಯ ಸಾಯಬಣ್ಣ ಪೂಜಾರಿಯೇ ಇದಕ್ಕೆ ದಾರಿ ಹೇಳಬೇಕೆಂದು, ಸಂಜೆ ಗುಳಿಗೆಯ ಹೊತ್ತಿಗೆ ಬರುತ್ತೇನೆಂದು ಹೇಳಿ ಎಸ್ಟಿ ಬಸ್ಸು ಹತ್ತಿದ.

ಅಕ್ಕಲಕೋಟೆಯಲ್ಲಿ ಇಳಿದ. ಧೈರ್ಯಕ್ಕೆಂದು ಸ್ಟ್ಯಾಂಡಿನಲ್ಲೇ ಮೂರು ಕಪ್ ಚಹಾ ಕುಡಿದು ಗುಡಿಗೆ ಹೋದ. ಸಾಯಬಣ್ಣ ಎಲ್ಲವನ್ನೂ ಸಮಾಧಾನದಿಂದ ಕೇಳಿದ.

"ದೇವರು ಜಡ್ಡಾದಾಕಿ ಬಾಯಾಗಿಂದು ಕಸಗೊಳ್ಳಾಂವಲ್ಲ. ಆದ್ರ ಕೊಟ್ಟ ಮಾತ ಬರಿಗೈಲೆ ಹಿಂದಕ್ಕ ತಗೋಬ್ಯಾಡ. ಅದರ ಜಾಗಾಕ್ಕ ಮತ್ತೊಂದ ಇಡು."

"ಹಾಗಲಕಾಯಿ ಬಿಡ್ತೀನ್ರಿ."

"ಅದನ್ನ ಎಂದಾರ ತಿಂದೀಯೇನು?"

ಸೈದಪ್ಪ ನೆಲ ನೋಡಿದ. ಸಾಯಬಣ್ಣ ನಕ್ಕು, "ನಿನ್ನ ಬಾಯಿ ಚಾದ ವಾಸನಿ ಹೊಡ್ಯಾಕತ್ತದ ತಮ್ಮಾ" ಅಂದ. ಒಂದು ವರ್ಷ ಚಹಾ ಮುಟ್ಟುವುದಿಲ್ಲವೆಂದು ಸೈದಪ್ಪ ದೇವರ ಭಂಡಾರದ ಅರಿಶಿನ ಹಣೆಗೆ ಹಚ್ಚಿಕೊಂಡ. ಅವಳು ಎದ್ದರೆ ಸಾಕು. ಅಲ್ಲದೆ ಮೊಸರಂತೂ ತಿರುಗಿ ಸಿಕ್ಕಿತಲ್ಲ. ಆ ಖುಷಿಗೆ ಪೇಟೆಯಲ್ಲಿ ಒಂದು ಗಡಿಗೆ ಗಟ್ಟಿ ಮೊಸರು ಕೊಂಡ.

ತಿರುಗಿ ಬರುವಾಗ ವಳಸಂಗ ಊರಿನ ಹತ್ತಿರ ಎಸ್ಟಿ ಕೆಟ್ಟು ನಿಂತಿತು, ಅದೂ ಸರಿಯಾಗಿ ಚಹಾದ ಹೋಟೆಲಿನ ಎದುರಿಗೆ. ಡ್ರೈವರ್, ಕಂಡಕ್ಟರ್, ಪ್ರಯಾಣಿಕರು ಎಲ್ಲರೂ ಕುಡಿದರು. ಸೈದಪ್ಪ ಗಡಿಗೆ ತೊಡೆಯ ಮೇಲಿಟ್ಟುಕೊಂಡು ಇಳಿಯುತ್ತಿದ್ದ ಸೂರ್ಯನನ್ನು ನೋಡುತ್ತ ಕೂತ. ಗುಳಿಗೆಯ ಹೊತ್ತು ಮೀರಿದರೆ ಏನು ಗತಿ?

ದೀಪ ಹಚ್ಚಿದ ಮೇಲೆ ಚಾಳು ಮುಟ್ಟಿದ. ಓಡಿ ಒಳಗೆ ಬಂದರೆ ಪುತಳಾಬಾಯಿ ಗೋಡೆಗೆ ಒರಗಿ ಕೂತಿದ್ದಳು. ಮೇಲ್ದುಟಿಯ ಮೇಲೆ ಮಜ್ಜಿಗೆಯ ಬಿಳಿ ಮೀಸೆ.

"ಗುಳಿಗಿ?"

"ಆಗಳೇ ನುಂಗೀನ್ರಿ. ಮಜ್ಜಿಗೀನೂ ಕುಡದೆ. ಹೊಟ್ಟ್ಯಾಗ ನಿಂತದ."

ಸೈದಪ್ಪನ ಕಣ್ಣು ತುಂಬಿ ಬಂತು. ಗಡಿಗೆ ಕೆಳಗಿಟ್ಟು ಅಲ್ಲೇ ಕೂತ. "ಮತ್ತ ಹರಕಿ?"

"ನೀವು ಹೋದಮ್ಯಾಲ ನಾನ ಖಂಡೋಬಾಗ ಕೈ ಮುಗದೆ. ಇವತ್ತ ಮಜ್ಜಿಗಿ ಒಳಗ ಬರಲಿ ಯಪ್ಪಾ, ಅದರ ಬದ್ಲಿ ನಮ್ಮನಿಯವರು ಒಂದ್ ವರ್ಷ ಮಸರ ಮುಟ್ಟಂಗಿಲ್ಲ ಅಂದೆ. ನಾ ಆರ ತಿಂಗಳಾ ಅಂದಿದ್ದೆ. ಗಂಗಕ್ಕನೇ ಕಡಿಮ್ಯಾತು ಅಂದಳು."

ಸೈದಪ್ಪ ಗಡಿಗೆಯನ್ನು ನೋಡಿದ. ಕೆನೆ ಕಟ್ಟಿದ ಮೊಸರು ಅವನನ್ನೇ ನೋಡುತ್ತಿತ್ತು.

"ಅಲ್ಲಾ, ನಿಂದ ಏನರ ಬಿಡೂದಿತ್ತಲ್ಲ?"

"ಭಾಳ ವಿಚಾರ ಮಾಡಿದ್ನಿರಿ," ಅಂದಳು ಪುತಳಾಬಾಯಿ, ಸಣ್ಣ ದನಿಯಲ್ಲಿ. "ನನಗ ಜೀವಾ ಅನ್ನುವಂಥದ್ದು ನೀವೊಬ್ರ ಇದ್ರಿ. ನಿಮ್ಮನ್ನ ಬಿಡೂದಕ್ಕಿಂತ ನಿಮ್ಮ ಮಸರ ಬಿಡ್ಸೂದು ಛಲೋ ಅನಿಸ್ತು."

ಸೈದಪ್ಪ ಧೋತರದ ಚುಂಗಿನಿಂದ ಅವಳ ಮಜ್ಜಿಗೆ ಮೀಸೆ ಒರೆಸಿದ.

ಅಷ್ಟರಲ್ಲಿ ಗಂಗುಬಾಯಿ ಹೊಗೆಯಾಡುವ ಕಪ್ಪು ಹಿಡಿದು ಬಂದಳು. "ದಣದ ಬಂದಿ ತಮ್ಮಾ. ಯಾಲಕ್ಕಿ ಹಾಕಿ ಚಾ ಮಾಡೀನಿ, ಕುಡಿ."

ಸೈದಪ್ಪ ಕಪ್ಪನ್ನು ನೋಡಿದ, ಗಡಿಗೆಯನ್ನು ನೋಡಿದ, ಆಮೇಲೆ ಮೂಲೆಯಲ್ಲಿದ್ದ ನೀರಿನ ಬಿಂದಿಗೆಯ ಕಡೆ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು.

"ಅಕ್ಕಾ, ನೀರಿನ ಮ್ಯಾಲ ಯಾರೂ ಹರಕಿ ಹೊತ್ತಿಲ್ಲಲ್ಲ?"