ಗುಟ್ಟಿನ ದಾನ, ಗಟ್ಟಿ ಡಬ್ಬಿ

"ಈ ಸಲದ ಕ್ರಿಸ್ಮಸ್ಸಿಗೆ ನಮ್ಮ ಮನೆಯಿಂದ ಹೊರಗೆ ಹೋಗುವುದಷ್ಟೇ! ಒಳಗೆ ಒಂದು ಕಡಲೆಕಾಳೂ ಬರಕೂಡದು!"

ಸೌಟು ಎತ್ತಿ ಹಿಡಿದು ಸೆವ್ರಿನಾ ಹೀಗೆ ಘೋಷಿಸಿದಾಗ ಯಲ್ಲಾಪುರದ ಆ ಪುಟ್ಟ ಮನೆಯ ಸಂಸತ್ತಿನಲ್ಲಿ ಇದ್ದವರು ಇಬ್ಬರೇ ಸದಸ್ಯರು: ಗಂಡ ಇನಾಸ ಮತ್ತು ಕಾಲೇಜು ಓದುವ ಮಗಳು ರೀಮಾ. ಸೌಟಿನಿಂದ ಬಿಸಿ ಸಾರು ತೊಟ್ಟಿಕ್ಕುತ್ತಿದ್ದುದರಿಂದ ವಿರೋಧ ಪಕ್ಷಕ್ಕೆ ಬಾಯಿ ತೆರೆಯುವ ಧೈರ್ಯ ಬರಲಿಲ್ಲ.

"ವರ್ಷಾ ವರ್ಷಾ ಎಂತ ಮಾಡ್ತೇವೆ ಹೇಳಿ? ನಾವು ಅವರಿಗೊಂದು ತಟ್ಟೆ ತಿಂಡಿ ಕಳಿಸುವುದು, ಅವರು ನಮಗೊಂದು ತಟ್ಟೆ ಕಳಿಸುವುದು. ಇದು ಹಬ್ಬವೋ, ತಟ್ಟೆ ಬದಲಾಯಿಸುವ ಆಟವೋ?"

"ನೆವ್ರಿಯಾದ್ರೂ ಮಾಡ್ತೀಯಲ್ಲ?" ಇನಾಸನಿಗೆ ಅವನದೇ ಚಿಂತೆ.

"ಮಾಡದೆ ಉಂಟಾ? ಕಾಯಿ, ಎಳ್ಳು, ಏಲಕ್ಕಿ ತುಂಬಿ ಗರಿಗರಿಯಾಗಿ ಕರೀತೇನೆ. ತಿನ್ನುವುದು ನೀವಲ್ಲ ಅಷ್ಟೆ!"

ಯೋಜನೆ ಸರಳವಾಗಿತ್ತು. ಇಡಗುಂದಿಯ ದಾರಿಯಲ್ಲಿ ರಸ್ತೆ ಕೆಲಸದವರದ್ದೊಂದು ಕೇರಿ ಇದೆ. ನಸುಕಿನಲ್ಲಿ ಮನೆಮಂದಿಯೆಲ್ಲ ಹೋಗುವುದು, ಒಂದೊಂದು ಬಾಗಿಲ ಮುಂದೆ ಒಂದೊಂದು ಡಬ್ಬಿ ತಿಂಡಿ ಇಡುವುದು, ಯಾರೂ ಏಳುವ ಮೊದಲು ಮರಳುವುದು. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯಬಾರದೆಂದು ದೇವರ ವಾಕ್ಯವೇ ಇದೆಯಲ್ಲ!

ಎಡಗೈಗೆ ತಿಳಿಯದಿದ್ದರೂ ಶಿರಸಿಯ ನಾದಿನಿ ಲೂಸಿಗೆ ಅಂದೇ ಸಂಜೆ ಫೋನಿನಲ್ಲಿ ತಿಳಿಯಿತು. ಲೂಸಿ ಒಂದು ಕಂಬಳಿ ದಾನ ಮಾಡಿದರೆ ಅದರ ಫೋಟೊ ಕಂಬಳಿಗಿಂತ ಉದ್ದಕ್ಕೆ ವಾಟ್ಸಾಪಿನಲ್ಲಿ ಹಾಸುವವಳು.

"ನಾವು ಗುಟ್ಟಾಗಿ ಕೊಡ್ತಿದ್ದೇವೆ ಲೂಸಿ. ಯಾರಿಗೂ ಹೇಳುವುದಿಲ್ಲ. ನಿನಗೆ ಹೇಳ್ತಿದ್ದೇನೆ ಅಷ್ಟೆ. ಯಾರಿಂದಲೂ ತಗೊಳ್ಳುವುದೂ ಇಲ್ಲ."

"ಹೌದಾ ಅತ್ತಿಗೆ? ಹಬ್ಬದ ಮುನ್ನಾದಿನ ಮಧ್ಯಾಹ್ನದ ಬಸ್ಸಿಗೆ ನಾನೇ ಬರ್ತೇನೆ. ಮನೆಯಲ್ಲಿ ಬೇರೆಯವರ ಒಂದು ಹಪ್ಪಳ ಕಂಡರೂ ನೋಡಿ ಮತ್ತೆ!"

ಹೀಗೆ ಸೆವ್ರಿನಾಳ ಮಾನ ಒಂದು ಹಪ್ಪಳದ ಮೇಲೆ ನಿಂತಿತು.

ತಿಂಡಿ ತುಂಬುವ ದಿನ ರೀಮಾ ತಕರಾರು ತೆಗೆದಳು. "ಪ್ಲಾಸ್ಟಿಕ್ ಬೇಡ ಮಮ್ಮಿ. ದಾನ ಮಾಡಿ ಊರಿಗೆ ಕಸ ಹಂಚುವುದಾ?"

ಸೆವ್ರಿನಾಳಿಗೆ ಮಾತು ಸರಿಯೆನಿಸಿತು. ಅಟ್ಟದಿಂದ ಮದುವೆಯ ಕಾಲದ ಸ್ಟೀಲು ಡಬ್ಬಿಗಳು ಇಳಿದವು. ಕೊಡುವುದಾದರೆ ಗಟ್ಟಿಯಾದದ್ದನ್ನೇ ಕೊಡಬೇಕು! ಒಂದೊಂದನ್ನೂ ಕನ್ನಡಿಯಂತೆ ತಿಕ್ಕಿ, ನೆವ್ರಿ ತುಂಬಿ, ಮುಚ್ಚಳ ಒತ್ತಿದಳು.

ಮುನ್ನಾದಿನ ನಸುಕಿನಲ್ಲಿ ಪಕ್ಕದ ಮನೆಯ ಜಲೀಲನ ಟೆಂಪೋ ಹೊರಟಿತು. ಬಾಯಿ ಬಿಡುವುದಿಲ್ಲವೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದಾಯಿತು. ಸೆವ್ರಿನಾ ಗಂಡನ ಮಂಗನ ಟೊಪ್ಪಿ ಹಾಕಿ, ಅವನದೇ ಕೋಟು ತೊಟ್ಟು ದಂಡನಾಯಕನಂತೆ ಮುಂದೆ ನಡೆದಳು.

"ಕೆಮ್ಮಬೇಡಿ!" ಎಂದು ಪಿಸುಗುಟ್ಟಿದಳು.

"ಕೆಮ್ಮು ನನ್ನ ಕೇಳಿ ಬರ್ತದಾ ಮಾರಾಯ್ತಿ?" ಎಂದು ಇನಾಸ ಮತ್ತೊಮ್ಮೆ ಕೆಮ್ಮಿದ.

ಅಷ್ಟಕ್ಕೆ ಕೇರಿಯ ನಾಯಿಗಳೆಲ್ಲ ಎದ್ದವು. ಕೊನೆಯ ಡಬ್ಬಿಯನ್ನು ಜಗಲಿಯ ಮೇಲೆ ಎಸೆದಂತೆ ಇಟ್ಟು ಮೂವರೂ ಟೆಂಪೋ ಕಡೆ ಓಡಿದ ಓಟ! ಬೆತ್ಲೆಹೇಮಿಗೆ ಬಂದ ದೇವದೂತರು ಕೂಡ ರೆಕ್ಕೆ ಇದ್ದೂ ಅಷ್ಟು ವೇಗವಾಗಿ ಹಾರಿರಲಿಕ್ಕಿಲ್ಲ.

ಮನೆಗೆ ಬಂದು, ಪ್ರಾರ್ಥನೆ ಮುಗಿಸಿ, ತೃಪ್ತಿಯಿಂದ ಚಹಾ ಕುಡಿಯುತ್ತಿರುವಾಗ ಜಲೀಲನ ಹೆಂಡತಿ ಮುಮ್ತಾಜ್ ಓಡಿ ಬಂದಳು.

"ಅಕ್ಕಾ! ನಿಮ್ಮ ಮನೆಗೆ ಕಳ್ಳರು ಬಿದ್ದಿದ್ದರಂತಲ್ಲ! ಬಸ್‌ಸ್ಟ್ಯಾಂಡಲ್ಲೆಲ್ಲ ಅದೇ ಸುದ್ದಿ. ನಾಯಿ ಅಟ್ಟಿಸಿಕೊಂಡು ಬಂತು ಅಂತ ಕದ್ದ ಡಬ್ಬಿಗಳನ್ನು ಇಡಗುಂದಿ ದಾರಿಯ ಕೇರಿಯಲ್ಲಿ ಬಿಟ್ಟು ಓಡಿದ್ದಾರಂತೆ!"

ಜಲೀಲ ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ. ಇಡೀ ಯಲ್ಲಾಪುರದಲ್ಲಿ ಈ ಗುಟ್ಟನ್ನು ಕಾಪಾಡಿದವನು ಅವನೊಬ್ಬನೇ.

"ಡಬ್ಬಿ ನಮ್ಮದು ಅಂತ ಯಾರು ಹೇಳಿದ್ದು?" ಸೆವ್ರಿನಾ ಗಾಬರಿಯಿಂದ ಕೇಳಿದಳು.

"ಡಬ್ಬಿಯೇ ಹೇಳ್ತದಲ್ಲ ಅಕ್ಕಾ!"

ಸೆವ್ರಿನಾ ಅಡುಗೆಮನೆಗೆ ಧಾವಿಸಿ, ಉಳಿದಿದ್ದ ಒಂದೇ ಡಬ್ಬಿಯನ್ನು ಬೋರಲು ಹಾಕಿ ನೋಡಿದಳು. ಚುಕ್ಕಿ ಚುಕ್ಕಿಯಾಗಿ, ಸ್ಪಷ್ಟವಾಗಿ, ಶಾಶ್ವತವಾಗಿ ಕೊರೆದಿತ್ತು: 'ಇನಾಸ–ಸೆವ್ರಿನಾ, ಯಲ್ಲಾಪುರ'. ನಸುಕಿನ ಚಳಿಯೂ ಅಷ್ಟು ಆಳಕ್ಕೆ ಕೊರೆದಿರಲಿಲ್ಲ!

"ಬಲಗೈ ವಿಳಾಸ ಕೊಟ್ಟೇ ಬಂದಿದೆ," ಎಂದ ಇನಾಸ.

ಮಧ್ಯಾಹ್ನ ಲೂಸಿ ಬ್ಯಾಗು ಹಿಡಿದು ಒಳಗೆ ಕಾಲಿಡುವುದಕ್ಕೂ ಅಂಗಳದಲ್ಲಿ ಗಲಗಲ ಸದ್ದಾಗುವುದಕ್ಕೂ ಸರಿಹೋಯಿತು. ಕೇರಿಗೆ ಕೇರಿಯೇ ಬಂದು ನಿಂತಿತ್ತು. ಮುಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಹಿರಿಯಳು, ಹಾನಗಲ್ಲಿನ ಕಡೆಯಿಂದ ಕೆಲಸಕ್ಕೆ ಬಂದ ಸಿದ್ದವ್ವ. ಪಕ್ಕದಲ್ಲಿ ಅದೇ ಕೇರಿಯ ನಾಗಿ. ನಾಗಿಯ ಕಂಕುಳಲ್ಲಿ ಒಂದು ಹುಂಜ.

"ಸೆವ್ರಿನಾ ಬಾಯಾರು ನೀವ ಏನ್ರಿ? ತಗೋರಿ ನಿಮ್ಮ ಡಬ್ಬಿ. ಒಂದೂ ಮುಟ್ಟಿಲ್ರಿ. ಹುಡುಗ್ರು ಅತ್ತರೂ ಕೊಟ್ಟಿಲ್ಲ. ಮಂದಿ ಹಬ್ಬದ ಮಾಲು, ತಿಂದರ ದಕ್ಕತದೇನ್ರಿ?"

"ನಾ ಕಂಡೆ ಅಮ್ಮಾ ಕಳ್ಳರನ್ನ!" ನಾಗಿ ನಡುವೆ ಬಾಯಿ ಹಾಕಿದಳು. "ಮೂರು ಜನ. ಮುಂದೆ ಮಂಗನ ಟೊಪ್ಪಿ ಹಾಕ್ಕೊಂಡು ಒಂದು ದಪ್ಪ ಗಂಡಸು. ಓಡೂಕೂ ಬರೂದಿಲ್ಲ ಅದಕ್ಕೆ!"

ಲೂಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಹೆಗಲು ಮಾತ್ರ ಕುಣಿಯುತ್ತಿತ್ತು.

"ಖಾಲಿ ಕೈಲೆ ಹ್ಯಾಂಗ ಬರೂದು ಅಂತ," ಸಿದ್ದವ್ವ ಬುಟ್ಟಿ ಇಳಿಸಿದಳು, "ಎಲ್ಲಾರೂ ಸೇರಿ ಒಂದೀಟು ತಂದೀವ್ರಿ. ಹಬ್ಬದಾಗ ಕಳುವಾದ ಮನಿ ನೋಡ್ರಿ ಪಾಪ, ಒಲಿ ಹಚ್ಚಾಕೂ ಮನಸ್ಸು ಬರೂದಿಲ್ಲ." ಜೋಳದ ರೊಟ್ಟಿ, ಶೇಂಗಾ ಉಂಡೆ, ನಾಗಿಯ ಬಾಟಲಿ ಜೇನು ಹೊರಬಂದವು. ಎಲ್ಲಕ್ಕಿಂತ ಮೇಲೆ, ಲೂಸಿಯ ಕಣ್ಣಿಗೆ ನೇರವಾಗಿ, ಹಲಸಿನ ಹಪ್ಪಳದ ಒಂದು ಕಟ್ಟು!

"ಅಯ್ಯೋ, ಇದೆಲ್ಲ ಬೇಡ. ಅದು ಕಳ್ಳರಲ್ಲ. ಅದು ನಾವೇ…" ಎಂದು ಸೆವ್ರಿನಾ ಶುರು ಮಾಡಿದಳು. ನಾವೇ ಏನು? ನೀವು ಬಡವರೆಂದು ಕನಿಕರಪಟ್ಟು ತಂದಿಟ್ಟೆವು ಎನ್ನಬೇಕೆ? ಅಳುವ ಮಕ್ಕಳಿಗೂ ಒಂದು ನೆವ್ರಿ ಕೊಡದೆ, ಬಿಸಿಲಲ್ಲಿ ಅಷ್ಟು ದೂರ ನಡೆದು ತಂದವರ ಮುಖ ನೋಡಿ?

"ಹೇಳು ನೋಡುವ," ಎಂದು ಇನಾಸ ಕಿವಿಯಲ್ಲಿ ಪಿಸುಗುಟ್ಟಿದ.

ಹೇಳಲಿಲ್ಲ. ಚಾಪೆ ಹಾಸಿ ಎಲ್ಲರನ್ನೂ ಕೂರಿಸಿದಳು. "ನೀವೂ ಈ ನೆವ್ರಿ ತಿಂದರೆ ಮಾತ್ರ ನಾನು ನಿಮ್ಮ ರೊಟ್ಟಿ ತಿನ್ನುವುದು," ಎಂದು ಹಟ ಹಿಡಿದಳು. ಡಬ್ಬಿಗಳು ಒಂದೊಂದಾಗಿ ತೆರೆದವು. ಇನಾಸ ಸಂದಿಯಲ್ಲಿ ಎರಡು ನೆವ್ರಿ ಬಾಯಿಗಿಟ್ಟುಕೊಂಡ. ಲೂಸಿ ನಗುವುದನ್ನು ಮರೆತು ಬಡಿಸಲು ನಿಂತಳು.

ಶೇಂಗಾ ಉಂಡೆಯನ್ನು ಕೈಯಲ್ಲಿ ಹಿಡಿದ ಸೆವ್ರಿನಾಳ ಕಣ್ಣು ತುಂಬಿ ಬಂತು. ಸಿದ್ದವ್ವ ಹತ್ತಿರ ಸರಿದು ಅವಳ ಬೆನ್ನು ಸವರಿದಳು.

"ತಗೊಳ್ಳಾಕ ನಾಚಿಕೋಬ್ಯಾಡ್ರಿ ಅಕ್ಕಾರ. ದೇವ್ರು ಎಲ್ಲಾರಿಗೂ ಒಂದ ಕಾಲ ಕೊಡೂದಿಲ್ಲ. ಮುಂದಿನ ವರ್ಷ ನಿಮ್ಮ ಕೈಯಾಗೂ ಒಂದೀಟು ಆದಾಗ, ನೀವೂ ಯಾರಿಗರ ಕೊಡ್ರಿ!"