ಚನ್ನವೀರಪ್ಪ ಮಾಸ್ತರರ ತಲೆ ಮುಟ್ಟಿದ ಕಾಗೆ

ಹೆಡ್‌ಮಾಸ್ತರನಾಗಲೇಬೇಕೆಂಬ ಹಟ ಚನ್ನವೀರಪ್ಪ ಮಾಸ್ತರರನ್ನು ಬೆಳ್ಳಂಬೆಳಗ್ಗೆ ಬೇವಿನ ಮರ ಹತ್ತಿಸಿತು. ಸವಣೂರಿನ ಅವರ ಸಾಲೆಯಲ್ಲಿ ಆ ಜಾಗ ಖಾಲಿ ಬಿದ್ದಿತ್ತು. ಅದನ್ನು ತುಂಬಲು ಇನ್‌ಸ್ಪೆಕ್ಟರ್ ಸಾಹೇಬರು ಧಾರವಾಡದಿಂದ ಹೊರಟು ಮಧ್ಯಾಹ್ನದ ಗಾಡಿಗೆ ಯಲವಿಗಿ ಸ್ಟೇಶನ್ನಿನಲ್ಲಿ ಇಳಿಯುವವರಿದ್ದರು. ಸಾಹೇಬರಿಗೆ ಹಕ್ಕಿಗಳೆಂದರೆ ಹುಚ್ಚು. ಮಾಸ್ತರರ ಹಿತ್ತಲಿನ ಮರದಲ್ಲೋ ಕಾಗೆಯ ಗೂಡು, ಅದರೊಳಗೆ ಕೋಗಿಲೆಯ ಮರಿ! ಅದನ್ನು ತೋರಿಸಿ ಪಾಠ ಹೇಳಿದರೆ ಕೆಲಸ ಸಿಕ್ಕಂತೆಯೇ.

ಕೆಳಗೆ ಏಣಿ ಹಿಡಿದವನು ಕಿರಿಯ ಮಾಸ್ತರ ಹೊಳಬಸಪ್ಪ. ಬಲು ಮೆತ್ತಗಿನ ಮನುಷ್ಯ.

“ಅದು ತನ್ನ ಮರಿ ಅಲ್ಲಂತ ಕಾಗಿಗೆ ಗೊತ್ತಾಗಂಗಿಲ್ಲೇನ್ರಿ ಸರ?”

“ಹೆಂಗ ಗೊತ್ತಾಗಬೇಕು? ಕೋಗಿಲಿ ಮರೀನೂ ಕರ್ರಗ ಐತಿ. ಬ್ಯಾರೆ ಥರಾ ಕಾಣೂ ಮರಿ ಹಸದು ಸತ್ತು, ಕಾಗಿ ಹಂಗ ಕಾಣೂವಷ್ಟ ಉಳಕೊಂಡು, ಸಾವಿರಾರು ತಲಿಮಾರಿಗೆ ಈ ಬಣ್ಣ ಬಂದೈತಿ. ಸಾಹೇಬ್ರ ಮುಂದ ಇದನ್ನ ಹೇಳಾಂವ ನಾ.”

ಅಷ್ಟರಲ್ಲಿ ತಾಯಿ ಕಾಗೆ ಬಾಣದಂತೆ ಬಂದು ಮಾಸ್ತರರ ನೆತ್ತಿಗೆ ಕುಕ್ಕಿತು. ತಲೆಗೆ ಸುತ್ತಿದ್ದ ಪಟಗ ಕೆಳಗಿನ ಗಟಾರಕ್ಕೆ ಬಿತ್ತು.

“ಅಯ್ಯಯ್ಯ! ಕಾಗಿ ತಲಿ ಮುಟ್ಟಿತಲ್ಲೋ ಯಪ್ಪಾ!” ಪಕ್ಕದ ಮನೆಯ ಸಿದ್ದವ್ವ ತಿಕ್ಕುತ್ತಿದ್ದ ಕೊಡ ಬಿಟ್ಟು ಓಡಿಬಂದಳು. “ಸಾವಿನ ದೋಷ ಅದು. ಮಾಸ್ತರು ಹ್ವಾದ್ರು ಅಂತ ಎಲ್ಲೆರ ಸುಳ್ಳ ಸುದ್ದಿ ಮುಟ್ಟಸ್ರಿ. ಕೇಳಿದವ್ರು ಖರೇನ ಅತ್ರ ದೋಷ ಹೋಕ್ಕೇತಿ.”

“ನಾ ಒಲ್ಲೆ! ಮರಿ ಕಾಯಾಕ ಕುಕ್ಕೇತಿ, ಮತ್ತೇನಿಲ್ಲ,” ಎಂದು ಮಾಸ್ತರರು ಗುಡುಗಿದರು.

“ಸರ, ಹಿರೇರ ಮಾತು ಮೀರಬಾರದ್ರಿ. ನಾ ಹೋಗಿ ಹೇಳಿ ಬರ್ತೇನಿ,” ಎಂದವನೇ ಹೊಳಬಸಪ್ಪ ಕಣ್ಣೊರೆಸಿಕೊಳ್ಳುತ್ತ ಓಡಿದ. ಹಿಡಿಯುವವರಿಲ್ಲದ ಏಣಿ ಧಡಾರನೆ ಬಿತ್ತು.

ಓಣಿಯೇ ಹಿತ್ತಲಲ್ಲಿ ನೆರೆಯಿತು. ಆದರೆ ಏಣಿಯನ್ನು ಯಾರೂ ಮುಟ್ಟಲೊಲ್ಲರು. “ಯಾರರ ಅಳೂತನಕ ಇಳೀಬ್ಯಾಡ್ರಿ, ದೋಷ ಮನಿಯೊಳಗ ಬರತೈತಿ,” ಎಂದು ಸಿದ್ದವ್ವ ಅಪ್ಪಣೆ ಕೊಡಿಸಿ, ಗಳದ ತುದಿಗೆ ಸಿಕ್ಕಿಸಿ ಒಂದು ಬುಟ್ಟಿ ಕೊಟ್ಟಳು. ಮಾಸ್ತರರು ಅದನ್ನು ತಲೆಗೆ ಕವುಚಿಕೊಂಡರು. ಕಾಗೆ ಬುಟ್ಟಿಯ ಮೇಲೆ ಡೋಲು ಬಾರಿಸುತ್ತಲೇ ಇತ್ತು. ಆದರೇನು, ಮಾಸ್ತರರು ಬಗ್ಗುವ ಆಸಾಮಿಯಲ್ಲ. ಸಾಹೇಬರು ಬಂದರೆ ಇಲ್ಲಿಂದಲೇ ಪಾಠ ಹೇಳುತ್ತೇನೆಂದು ಕೊಂಬೆಯನ್ನು ಅವಚಿ ಕುಳಿತರು.

ಇಳಿಹೊತ್ತಿಗೆ ಟಾಂಗಾ ಬಂತು. ಸಾಹೇಬರು ಕೈಯಲ್ಲಿ ದೊಡ್ಡ ಹೂಮಾಲೆ ಹಿಡಿದು ಇಳಿದರು. ಹಿಂದೆ ಅವರ ಚೀಲ ಹೊತ್ತ ಹೊಳಬಸಪ್ಪ.

“ಸಾಹೇಬ್ರ, ಇಲ್ಲೆ ಮ್ಯಾಲೆ ನೋಡ್ರಿ! ಕೋಗಿಲಿ ಮರಿ!”

ಬುಟ್ಟಿ ಹೊತ್ತ ಹೆಣ ಮರದಿಂದ ಕೂಗಿದ್ದು ಕಂಡು ಸಾಹೇಬರು ಟಾಂಗಾದ ಗಾಲಿ ಹಿಡಿದುಕೊಂಡರು. ಸಿದ್ದವ್ವ ನಡೆದುದನ್ನೆಲ್ಲ ತಿಳಿಸಿದ ಮೇಲೆ ಅವರಿಗೆ ಉಸಿರು ಬಂತು.

“ಚನ್ನವೀರಪ್ಪ, ನೀವು ಜೀವಂತ ಇದ್ದದ್ದು ಭಾಳ ಸಂತೋಷರಿ. ಆದ್ರ ಏನ್ ಮಾಡ್ಲಿ? ಸ್ಟೇಶನ್ದಾಗ ಈ ಹೊಳಬಸಪ್ಪ ಕಂಬಾ ಹಿಡದು ಅತ್ತದ್ದು ನೋಡಿ ನನಗೂ ಅಳು ತಡೀಲಿಲ್ಲ. ದಾರಿಯೊಳಗ ಕೋಗಿಲಿ ಮರಿ ಬಣ್ಣದ ವಿಚಾರ ಏನ್ ಛಂದ ಹೇಳಿದ್ರು ಇವರು! ಇಂಥಾ ಬುದ್ಧಿವಂತ ಸಿಗಂಗಿಲ್ಲಂತ ಊರ ಅಂಚಿ ಕಚೇರಿ ಮುಂದ ಟಾಂಗಾ ನಿಲ್ಲಿಸಿ, ಹೆಡ್‌ಮಾಸ್ತರಕಿ ಇವರ ಹೆಸರಿಗೆ ಬರದು ಟಪಾಲಿಗೆ ಹಾಕಿಬಿಟ್ಟೆ.”

ಮಾಸ್ತರರು ಬುಟ್ಟಿಯನ್ನು ಮೂಗಿನವರೆಗೂ ಎಳೆದುಕೊಂಡರು.

“ಸಾಹೇಬ್ರು ಖರೇನ ಅತ್ತಾರ! ದೋಷ ಹೋತು! ಇನ್ನ ಇಳೀರಿ ಮಾಸ್ತರ!” ಸಿದ್ದವ್ವ ಚಪ್ಪಾಳೆ ತಟ್ಟಿದಳು.

ಸಾಹೇಬರು ಕೈಯಲ್ಲಿದ್ದ ಹೂಮಾಲೆಯನ್ನು ನೋಡಿದರು. ಹೆಣವಂತೂ ಇಲ್ಲ, ರೊಕ್ಕ ಕೊಟ್ಟು ತಂದ ಹೂ ಬಾಡಿಹೋದೀತೆಂದು ಹೊಸ ಹೆಡ್‌ಮಾಸ್ತರರ ಕೊರಳಿಗೆ ಹಾಕಿದರು.