ನನ್ನ ಕೆನ್ನೆಯ ಜೀವಕೋಶ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಘನವಾದ ಕಾರಣ ಬೇಕು. ಲೋಕದ ಜನ ಪಕ್ಕದವನ ಫ್ಲ್ಯಾಟು ನೋಡಿ, ಷಡ್ಡಕನ ಸ್ಕೂಟರು ನೋಡಿ, ತಮಗಿಂತ ಕಿರಿಯನಿಗೆ ಸಿಕ್ಕ ಬಡ್ತಿ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಾರೆ. ಅದರಲ್ಲಿ ಒಂದು ಮರ್ಯಾದೆಯಿದೆ. ನಾಲ್ಕು ಜನರೆದುರು ಹೇಳಿಕೊಂಡರೆ ಅವರೂ ನಿಟ್ಟುಸಿರು ಬಿಟ್ಟು ತಮ್ಮ ತಮ್ಮ ಷಡ್ಡಕರ ಕಥೆ ತೆಗೆಯುತ್ತಾರೆ. ನಾನು ಮಾತ್ರ ನನ್ನ ಅರ್ಧ ವಯಸ್ಸಿನ ಒಬ್ಬ ಹುಡುಗಿಯ ಮೇಲೆ, ಅದೂ ಈರುಳ್ಳಿ ಸಿಪ್ಪೆಯ ಕಾರಣಕ್ಕೆ, ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಒಳಗೊಳಗೇ ಬೆಂದೆ. ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು? ಮುಲುಂಡಿನಿಂದ ಹೊರಡುವ ಎಂಟು ಗಂಟೆಯ ಲೋಕಲ್‌ನಲ್ಲಿ ನನ್ನ ಜೊತೆ ನೇತಾಡುತ್ತಿದ್ದ ಗೆಳೆಯರ ಮುಂದಂತೂ ಸಾಧ್ಯವಿರಲಿಲ್ಲ. ಅವರಲ್ಲಿ ಹೆಚ್ಚಿನವರು ಫೋರ್ಟಿನ ಬ್ಯಾಂಕುಗಳಲ್ಲಿ ಕೆಲಸ ಮಾಡುವವರು. ಅವರ ಹೊಟ್ಟೆಕಿಚ್ಚುಗಳೆಲ್ಲ ಬ್ಯಾಂಕಿನ ಮಟ್ಟದವು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಚೆಂಬೂರಿನ ಒಂದು ಕನ್ನಡ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠ ಮಾಡುವ ದಿನ ನನಗೆ ಹಬ್ಬ. ಬಣ್ಣದ ಸೀಮೆಸುಣ್ಣಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಹಲಗೆಯ ತುಂಬ ಒಂದು ಕೋಶ ಬರೆಯುತ್ತಿದ್ದೆ. ಹಸಿರು ಕೋಶಭಿತ್ತಿ, ಅದರೊಳಗೆ ನೀಲಿ ಕೋಶಪೊರೆ, ನಡುವೆ ಕುಂಕುಮದ ಬಟ್ಟಿನಂಥ ಕೆಂಪು ಕೋಶಕೇಂದ್ರ, ಅಲ್ಲಲ್ಲಿ ಹಳದಿ ಅವರೆಕಾಳಿನಂತೆ ಮೈಟೊಕಾಂಡ್ರಿಯ. ಮುಂದಿನ ಪಿರಿಯಡ್ಡಿಗೆ ಬರುತ್ತಿದ್ದ ಇತಿಹಾಸದ ಮಾಸ್ತರರು ಅದನ್ನು ಅಳಿಸಲು ಮನಸ್ಸು ಬಾರದೆ ಹಲಗೆಯ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಒಂದಿಡೀ ಯುದ್ಧವನ್ನು ಮುಗಿಸುತ್ತಿದ್ದರು. ಇನ್‌ಸ್ಪೆಕ್ಟರು ಬಂದರೆ ಹೆಡ್‌ಮಾಸ್ತರ ಪಾಟೀಲರು ಅವರನ್ನು ಮೊದಲು ಕರೆದುಕೊಂಡು ಬರುತ್ತಿದ್ದುದು ನನ್ನ ಹಲಗೆಯ ಹತ್ತಿರ.

ಈಗ ನಿಜ ಹೇಳಿಬಿಡುತ್ತೇನೆ. ನಾನು ಧಾರವಾಡದಲ್ಲಿ ಓದಿದ್ದು ಭೌತಶಾಸ್ತ್ರ ಮತ್ತು ಗಣಿತ. ಜೀವಶಾಸ್ತ್ರದ ಮಾಸ್ತರರು ಕೆಲಸ ಬಿಟ್ಟು ಹೋದಾಗ ಪಾಟೀಲರು, "ಜೋಶಿಯವರ, ಸದ್ಯಕ್ಕ ನೀವ ಸಂಭಾಳಿಸ್ರಿ" ಎಂದಿದ್ದರು. ಆ ಸದ್ಯ ಹನ್ನೊಂದು ವರ್ಷ ನಡೆಯಿತು. ಹನ್ನೊಂದು ವರ್ಷ ನಾನು ಜೀವಕೋಶವನ್ನು ಬರೆದೆ, ವರ್ಣಿಸಿದೆ, ಪರೀಕ್ಷೆಯಲ್ಲಿ ಅದರ ಭಾಗಗಳನ್ನು ಹೆಸರಿಸದವರಿಗೆ ಸೊನ್ನೆ ಕೊಟ್ಟೆ. ಆದರೆ ಜೀವಕೋಶವನ್ನು ಕಣ್ಣಾರೆ ಕಂಡಿರಲಿಲ್ಲ. ನಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ ಎಂಬುದು ನನಗೆ ಒಂದು ಕೊರತೆಯೆಂದು ಅನ್ನಿಸಿರಲೇ ಇಲ್ಲ. ನಿಜ ಹೇಳಬೇಕೆಂದರೆ ಅದೊಂದು ಅನುಕೂಲವೇ ಆಗಿತ್ತು.

ಆ ವರ್ಷ ದೀಪಾವಳಿ ರಜೆ ಮುಗಿದ ಮೇಲೆ ವಾಸಂತಿ ಟೀಚರ್ ಬಂದರು. ಉಡುಪಿ ಕಡೆಯ ಹುಡುಗಿ. ತಂದೆ ಫೋರ್ಟಿನ ಒಂದು ಹೋಟೆಲಿನಲ್ಲಿ ಮ್ಯಾನೇಜರರು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಒಂಬತ್ತನೆಯ ತರಗತಿಯಲ್ಲಿ ಎರಡು ವಿಭಾಗಗಳಿದ್ದವು. 'ಅ' ನನಗೆ ಉಳಿಯಿತು, 'ಬ' ಆಕೆಗೆ ಹೋಯಿತು. ಆಕೆ ಬಂದ ಎರಡನೆಯ ವಾರ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ಮಗುವಿನಂತೆ ಎದೆಗವಚಿಕೊಂಡು ಸ್ಟಾಫ್‌ರೂಮಿಗೆ ಬಂದಳು. ಬಿಚ್ಚಿದರೆ ಹಿತ್ತಾಳೆಯ ಹಳೆಯ ಸೂಕ್ಷ್ಮದರ್ಶಕ! ತಾನು ಕಾಲೇಜಿಗೆ ಸೇರಿದಾಗ ಅಪ್ಪ ಚೋರ್ ಬಜಾರಿನಲ್ಲಿ ಹುಡುಕಿ ತಂದುಕೊಟ್ಟದ್ದಂತೆ. "ಮನೆಯಲ್ಲಿ ಸುಮ್ಮನೆ ಬಿದ್ದುಕೊಂಡು ಉಂಟು ಸರ್. ಮಕ್ಕಳಾದರೂ ನೋಡಲಿ ಅಂತ ತಂದೆ" ಎಂದಳು. "ಛಲೋ ಆತು" ಎಂದೆ ನಾನು.

ಆ ದಿನ 'ಬ' ವಿಭಾಗದಲ್ಲಿ ನಡೆದದ್ದನ್ನು ನಾನು ಗೋಡೆಯ ಈಚೆಯಿಂದ ಕೇಳಿಸಿಕೊಂಡೆ. ಸಿಪ್ಪೆಯ ಕೋಶ ತೋರಿಸಲು ತಂದಿದ್ದ ಈರುಳ್ಳಿಯನ್ನು ಆಕೆ 'ನೀರುಳ್ಳಿ' ಅನ್ನುವುದು, ನಮ್ಮ ಕಡೆಯ ಮಕ್ಕಳು 'ಉಳ್ಳಾಗಡ್ಡಿ' ಅನ್ನುವುದು, ಹಿಂದಿನ ಬೆಂಚಿನವರು 'ಕಾಂದಾ, ಕಾಂದಾ' ಎಂದು ತೀರ್ಪು ಕೊಡುವುದು. ಆಮೇಲೆ ಗದ್ದಲ ನಿಂತಿತು. ನನ್ನ ತರಗತಿಯಲ್ಲಿ ಗದ್ದಲ ನಿಲ್ಲಬೇಕಾದರೆ ನಾನು ಡಸ್ಟರಿನಿಂದ ಮೇಜು ಕುಟ್ಟಬೇಕು. ಅಲ್ಲಿ ಯಾರೂ ಏನನ್ನೂ ಕುಟ್ಟಿರಲಿಲ್ಲ. ಒಬ್ಬೊಬ್ಬರಾಗಿ ಬಗ್ಗಿ ನೋಡುತ್ತಿದ್ದಿರಬೇಕು. ಪ್ರತಿಯೊಬ್ಬರ ಬಾಯಿಂದಲೂ "ಆಯ್‌ಲಾ!" ಎಂಬ ಬೆರಗಿನ ಮರಾಠಿ ಉದ್ಗಾರ ಬರುತ್ತಿತ್ತು. ನನ್ನ ಹಲಗೆಯ ಕೋಶಕ್ಕೆ ಹನ್ನೊಂದು ವರ್ಷದಲ್ಲಿ ಒಬ್ಬರೂ "ಆಯ್‌ಲಾ" ಅಂದಿರಲಿಲ್ಲ.

ಮರುದಿನ ನಾನು ಹೆಡ್‌ಮಾಸ್ತರರ ಕೋಣೆಗೆ ಹೋದೆ. ತರಗತಿಯಲ್ಲೆಲ್ಲ ಉಳ್ಳಾಗಡ್ಡಿ ವಾಸನೆ, ಮೇಲಾಗಿ ಗಾಯಕ್ಕೆಂದು ಇಟ್ಟ ಟಿಂಚರ್ ಅಯೋಡಿನ್ನನ್ನು ಸಿಪ್ಪೆಗೆ ಬಣ್ಣ ಹಾಕಲು ಬಳಸುತ್ತಿದ್ದಾರೆ, ನಾಳೆ ಯಾವುದಾದರೂ ಮಗು ಬಿದ್ದು ಮೊಣಕಾಲು ಕೆತ್ತಿಕೊಂಡರೆ ಏನು ಗತಿ ಎಂದು ಬಹಳ ಕಳಕಳಿಯಿಂದ ಹೇಳಿದೆ. ಪಾಟೀಲರು ಎಲ್ಲ ಕೇಳಿಸಿಕೊಂಡು, "ನಾನೂ ನೋಡಿಬಂದೆರಿ ಜೋಶಿಯವರ! ಇಟ್ಟಂಗಿ ಗ್ವಾಡಿ ಕಟ್ಟಿಧಂಗ ಕಾಣತಾವ! ನೀವು ನೋಡಿದ್ರೇನು?" ಎಂದರು. ನಾನು ಕೆಮ್ಮುತ್ತ ಹೊರಬಂದೆ.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ನಾನು ತಟ್ಟೆಯಲ್ಲಿ ಕಡಲೆಹಿಟ್ಟಿನ ಝುಣಕದೊಳಗಿನ ಈರುಳ್ಳಿಯನ್ನು ಬದಿಗೆ ಸರಿಸುತ್ತಿದ್ದುದನ್ನು ಹೆಂಡತಿ ಸುಮಿತ್ರಾ ಎರಡು ದಿನ ನೋಡಿದಳು. ಮೂರನೆಯ ದಿನ ಕೇಳಿದಳು. "ಉಳ್ಳಾಗಡ್ಡಿ ಏನ ಮಾಡೇತ್ರೀ ನಿಮಗ?" ಏನಿಲ್ಲ, ಆ ಹೊಸ ಟೀಚರು ಮಕ್ಕಳಿಗೆ ಪಾಠ ಬಿಟ್ಟು ಆಟ ಆಡಿಸುತ್ತಾಳೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಹಂಗಂದ್ರ ಮಕ್ಕಳು ಆಕಿ ಹಿಂದ ಹೋಗ್ಯಾರ ಅನ್ರಿ." ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಸೂಕ್ಷ್ಮದರ್ಶಕ ಬೇಕಾಗುವುದಿಲ್ಲ.

ನನ್ನ ತರಗತಿಯಲ್ಲಿ ಶಾಂತವ್ವ ಎಂಬ ಹುಡುಗಿಯಿದ್ದಳು. ಅವಳ ಅಪ್ಪ ವಿಜಾಪುರದ ಕಡೆಯ ಗೌಂಡಿ, ಚೆಂಬೂರಿನಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಗೋಡೆ ಕಟ್ಟುತ್ತಿದ್ದವನು. ಹುಡುಗಿ ಮಾತು ಕಡಿಮೆ, ಆದರೆ ಆಡಿದ ಮಾತು ನೇರವಾಗಿ ಬಂದು ನಾಟುತ್ತಿತ್ತು. ಒಂದು ದಿನ ಎದ್ದು ನಿಂತು, "ಸರ್, ನಮಗ ಯಾವಾಗ ತೋರಸ್ತೀರಿ?" ಎಂದಳು. ಹಲಗೆಯ ಮೇಲೆ ತೋರಿಸಿದ್ದೇನಲ್ಲ ಎಂದೆ. "ಅದು ಚಿತ್ರಾರೀ. ನೀವು ಖರೇನ ನೋಡೀರೇನ್ರೀ?" ಇಡೀ ತರಗತಿ ನನ್ನನ್ನೇ ನೋಡಿತು. "ನೋಡಲಾರದನ ಬರದೀನೇನು? ಕೂಡು!" ಎಂದು ಗದರಿಸಿದೆ. ಅವಳು ಕುಳಿತಳು. ಆದರೆ ನನಗೆ ಆ ದಿನ ಮನೆಗೆ ಮರಳುವಾಗ ಕುರ್ಲಾದಲ್ಲಿ ಗಾಡಿ ಬದಲಿಸುವುದೂ ಮರೆತುಹೋಗಿ ವಡಾಳಾ ದಾಟಿದ ಮೇಲೆ ಎಚ್ಚರವಾಯಿತು.

ಇದೆಲ್ಲ ವಾಸಂತಿಗೆ ಯಾರು ಹೇಳಿದರೋ, ಮರುದಿನ ತಾನಾಗಿಯೇ ಬಂದಳು. "ಸರ್, ನಾಳೆ ನಿಮ್ಮ ಕ್ಲಾಸಿಗೆ ತೆಗೆದುಕೊಂಡು ಹೋಗಿ. ಬೇಕಾದರೆ ಸ್ಲೈಡ್ ನಾನು ಮಾಡಿ ಕೊಡ್ತೇನೆ." ಅಲ್ಲಿಗೇ ನಾನು 'ಆಗಲಿ' ಎಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ನಾನು ನಕ್ಕು, "ಅಷ್ಟೂ ಬರೂದಿಲ್ಲೇನ್ರಿ ನನಗ?" ಎಂದೆ. ಮನಸ್ಸಿನಲ್ಲಿ ಒಂದು ದುರಾಲೋಚನೆಯೂ ಹುಟ್ಟಿತ್ತು. ಆಕೆ ತೋರಿಸಿದ್ದು ಈರುಳ್ಳಿಯ ಕೋಶ ತಾನೆ? ನಾನು ಮನುಷ್ಯನ ಕೋಶವನ್ನೇ ತೋರಿಸುತ್ತೇನೆ! ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಕೆರೆದರೆ ಕೋಶಗಳು ಸಿಗುತ್ತವೆ ಎಂದು ಪುಸ್ತಕದಲ್ಲಿತ್ತು. ತರಕಾರಿಯ ಎದುರು ಮಾಸ್ತರ ಗೆಲ್ಲದಿರುತ್ತಾನೆಯೇ?

ಮರುದಿನ ಕಿಟಕಿಯ ಪಕ್ಕ ಮೇಜು ಹಾಕಿಸಿ, ಸೂಕ್ಷ್ಮದರ್ಶಕದ ಕೆಳಗಿನ ಕನ್ನಡಿಯನ್ನು ಬೆಳಕಿಗೆ ತಿರುಗಿಸಿ, ಬೆಂಕಿಕಡ್ಡಿಯ ಹಿಂತುದಿಯಿಂದ ಮಕ್ಕಳೆದುರೇ ನನ್ನ ಕೆನ್ನೆಯನ್ನು ಕೆರೆದೆ. ಗಾಜಿನ ಮೇಲೆ ಒಂದು ಹನಿ ನೀರು, ಅದಕ್ಕೆ ಕಡ್ಡಿ ಅದ್ದಿ, ಮೇಲೆ ತೆಳುಗಾಜನ್ನು ಟಪ್ಪೆಂದು ಮುಚ್ಚಿದೆ. ಅಯೋಡಿನ್ ಹಾಕಲಿಲ್ಲ. ಅದರ ವಿರುದ್ಧ ದೂರು ಕೊಟ್ಟವನೇ ನಾನಲ್ಲವೇ? ಬಗ್ಗಿ ತಿರುಪು ತಿರುಗಿಸಿದೆ. ಮೊದಲು ಮಂಜು, ಆಮೇಲೆ ನನ್ನದೇ ರೆಪ್ಪೆಗೂದಲು. ಇನ್ನೂ ತಿರುಗಿಸಿದಾಗ, ಆಹಾ! ಕಾಂಪಾಸಿನಿಂದ ಎಳೆದಂತೆ ದುಂಡಗೆ, ದಪ್ಪ ಕಪ್ಪು ಅಂಚಿನ, ಒಳಗೆ ತಿಳಿಯಾಗಿ ಹೊಳೆಯುವ ಒಂದು ಕೋಶ! ನನ್ನ ಹಲಗೆಯ ಚಿತ್ರಕ್ಕಿಂತಲೂ ಅಚ್ಚುಕಟ್ಟು. ನನ್ನ ಕಣ್ಣಲ್ಲಿ ನೀರು ಬಂತು. ನನ್ನ ಕೋಶವಲ್ಲವೇ, ಹೀಗಲ್ಲದೆ ಇನ್ನು ಹೇಗಿದ್ದೀತು ಎಂದುಕೊಂಡೆ.

ಮಕ್ಕಳು ಸಾಲಾಗಿ ಬಂದು ನೋಡಿ, ಹೋಗಿ ಬರೆದುಕೊಂಡರು. "ಸರ್, ಕೋಶಕೇಂದ್ರ ಎಲ್ಲಿ?" ಎಂದು ಒಬ್ಬ ಕೇಳಿದ. "ನಟ್ಟನಡುವ ಅದ. ಲಕ್ಷ್ಯ ಕೊಟ್ಟು ನೋಡು" ಎಂದೆ. ಲಕ್ಷ್ಯ ಕೊಟ್ಟು ನೋಡಿದ, ಅವನಿಗೆ ಕಂಡಿತು. ಅವನ ಹಿಂದಿನವರಿಗೆಲ್ಲ ಕಂಡಿತು. ಒಬ್ಬನಿಗಂತೂ ಕೆಂಪಗೆ ಕಂಡಿತು. ಶಾಂತವ್ವ ಮಾತ್ರ ಬಹಳ ಹೊತ್ತು ನೋಡಿ ತಲೆಯೆತ್ತಿ, "ನನಗ ಕಾಣವಲ್ತ್ರೀ ಸರ್. ಬರೇ ಗುಂಡಾಕಾರ ಅದ" ಎಂದಳು. ಮತ್ತೆ ನೋಡು ಎಂದೆ. ಮತ್ತೆ ನೋಡಿದಳು. "ಇಲ್ಲರೀ." ನನಗೆ ಸಿಟ್ಟು ಬಂತು. "ಎಲ್ಲಾರಿಗೂ ಕಂಡದ್ದು ನಿನಗೊಬ್ಬಾಕಿಗೆ ಕಾಣೂದಿಲ್ಲೇನು? ಕಣ್ಣಿನ ಡಾಕ್ಟರ ಹತ್ರ ಹೋಗು!" ಮಕ್ಕಳು ನಕ್ಕರು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಹೋಗಿ ನೋಟುಬುಕ್ಕಿನಲ್ಲಿ ಒಂದು ಬರಿಯ ವೃತ್ತ ಬರೆದಳು.

ಆಗಲೇ ಪಾಟೀಲರು ವಾಸಂತಿಯನ್ನು ಕರೆದುಕೊಂಡು ಒಳಗೆ ಬಂದರು. "ಜೋಶಿಯವರು ತಮ್ಮ ಜೀವಕೋಶನ ತೋರಸಾಕತ್ಯಾರಂತ. ನೋಡ್ರಿ ಟೀಚರ್!" ವಾಸಂತಿ ಬಗ್ಗಿ ನೋಡಿದಳು. ಒಂದು ಕ್ಷಣ ನೋಡಿದವಳು ತಲೆಯೆತ್ತಲಿಲ್ಲ. ಆಕೆಯ ಬೆನ್ನು ಅಲುಗಾಡದೆ ನಿಂತದ್ದು ಕಂಡೇ ನನಗೆ ಎಲ್ಲೋ ಏನೋ ತಪ್ಪಿದೆ ಎಂದು ತಿಳಿಯಿತು. ಆಕೆ ಮೆಲ್ಲಗೆ ನೆಟ್ಟಗಾಗಿ, ಹತ್ತಿರದ ನೋಟುಬುಕ್ಕುಗಳ ಮೇಲೆ ಕಣ್ಣಾಡಿಸಿ, ಮಕ್ಕಳ ಕಡೆ ತಿರುಗಿದಳು.

"ಯಾರಿಗೆಲ್ಲ ಕೋಶಕೇಂದ್ರ ಕಂಡಿತು? ಕೈ ಎತ್ತಿ." ಒಂದು ಬಿಟ್ಟು ಉಳಿದ ಕೈಗಳೆಲ್ಲ ಮೇಲೇರಿದವು. "ಯಾರಿಗೆ ಕಾಣಲಿಲ್ಲ?" ಶಾಂತವ್ವ ಕೈ ಎತ್ತಿದಳು. ವಾಸಂತಿ ನಕ್ಕಳು. "ನಿಮ್ಮ ಸರ್ ನಿಮ್ಮನ್ನು ಪರೀಕ್ಷೆ ಮಾಡಿದ್ದು ಮಾರಾಯ್ರೆ! ಇದು ಕೋಶ ಅಲ್ಲ, ನೀರಿನೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆ. ಕಂಡದ್ದನ್ನು ಬರೆಯುವವರು ಯಾರು, ಹೇಳಿದ್ದನ್ನು ಬರೆಯುವವರು ಯಾರು ಅಂತ ಅವರಿಗೆ ನೋಡಬೇಕಿತ್ತು. ಪಾಸಾದದ್ದು ಶಾಂತವ್ವ ಒಬ್ಬಳೇ. ಅಲ್ವಾ ಸರ್?"

ನಾನು "ಹೌದು" ಎಂದೆ. ಅನ್ನದೆ ಏನು ಮಾಡಲಿ? ಪಾಟೀಲರು ನನ್ನ ಬೆನ್ನು ತಟ್ಟಿ, "ಎಂಥಾ ಐಡಿಯಾರೀ ಜೋಶಿಯವರ!" ಎಂದರು. ಆ ಕ್ಷಣ ನನ್ನ ಮನಸ್ಸಿನಲ್ಲಿ ಕೃತಜ್ಞತೆ ಉಕ್ಕಿತು ಎಂದು ಬರೆದರೆ ಓದುಗರು ಮೆಚ್ಚಿಯಾರು. ನನಗೆ ನಿಜವಾಗಿ ಅನ್ನಿಸಿದ್ದೇ ಬೇರೆ. ಸುಳ್ಳನ್ನೂ ಇವಳು ನನಗಿಂತ ಚೆನ್ನಾಗಿ ಹೇಳುತ್ತಾಳಲ್ಲ!

ಶಾಲೆ ಬಿಟ್ಟ ಮೇಲೆ ನಾನು ಸ್ಟಾಫ್‌ರೂಮಿನಲ್ಲಿ ಕುಳಿತಿದ್ದೆ. ವಾಸಂತಿ ಬಂದು ಇನ್ನೊಂದು ಬೆಂಕಿಕಡ್ಡಿ ಕೊಟ್ಟಳು. ನಾನು ಕೆನ್ನೆ ಕೆರೆದು ಕೊಟ್ಟೆ. "ತೆಳುಗಾಜನ್ನು ಒಮ್ಮೆಲೇ ಮುಚ್ಚಬಾರದು ಸರ್. ಓರೆಯಾಗಿ ಇಳಿಸಿದರೆ ಗಾಳಿ ಹೊರಗೆ ಹೋಗ್ತದೆ" ಎನ್ನುತ್ತ, ಒಂದು ಹನಿ ಅಯೋಡಿನ್ ಬಿಟ್ಟಳು. ನೋಡಿದೆ. ನಸುಹಳದಿ ಬಣ್ಣದ ಚಪ್ಪಟೆ ಚೂರುಗಳು. ಒಂದಕ್ಕೂ ದುಂಡಗಿನ ಅಂಚಿಲ್ಲ. ಒಂದರ ಮೂಲೆ ಮಡಚಿತ್ತು, ಇನ್ನೊಂದು ಅವಸರದಲ್ಲಿ ಲಟ್ಟಿಸಿದ ಚಪಾತಿಯಂತೆ ಎಲ್ಲೆಲ್ಲಿಗೋ ಚಾಚಿತ್ತು. ಪ್ರತಿಯೊಂದರೊಳಗೂ ಕಂದುಬಣ್ಣದ ಒಂದು ಚುಕ್ಕೆ. ಹಸಿರು ಗೋಡೆಯಿಲ್ಲ, ಪ್ರಾಣಿಯ ಕೋಶಕ್ಕೆ ಗೋಡೆ ಇರುವುದಿಲ್ಲ ಎಂದು ಪಾಠ ಹೇಳುವವನೇ ನಾನು. ಹಳದಿ ಅವರೆಕಾಳುಗಳೂ ಕಾಣಲಿಲ್ಲ. ಅಷ್ಟು ಸಣ್ಣದು ಈ ಯಂತ್ರಕ್ಕೆ ಸಿಗುವುದಿಲ್ಲವಂತೆ. ಹನ್ನೊಂದು ವರ್ಷ ಬಣ್ಣ ಬಳಿದ ನನಗೆ, ಬಣ್ಣಗೆಟ್ಟ ಆ ಚೂರನ್ನು ಬಿಟ್ಟು ಕಣ್ಣು ತೆಗೆಯಲು ಆಗಲಿಲ್ಲ. ನನ್ನ ಬಾಯಿಂದ ನನಗೇ ತಿಳಿಯದಂತೆ "ಆಯ್‌ಲಾ" ಎಂಬ ಶಬ್ದ ಹೊರಟಿತು. ವಾಸಂತಿ ಕೇಳಿಸದವಳಂತೆ ಕಿಟಕಿ ಮುಚ್ಚಲು ಹೋದಳು.

ಮರುದಿನ ಶಾಂತವ್ವಳನ್ನು ವರಾಂಡಕ್ಕೆ ಕರೆದೆ. ರೈಲಿನಲ್ಲಿ ಬರುವಾಗ ಜೋಡಿಸಿಕೊಂಡ ವಾಕ್ಯಗಳೆಲ್ಲ ಮರೆತುಹೋಗಿದ್ದವು. "ನಿನ್ನೆ ನಾ ಪರೀಕ್ಷಾ ಮಾಡಿರಲಿಲ್ಲವ್ವಾ. ನನಗ ಗೊತ್ತಿರಲಿಲ್ಲ. ನಿನಗ ಅಂದದ್ದು ತಪ್ಪಾತು" ಎಂದೆ. ಅವಳು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ, "ನನಗ ಗೊತ್ತಿತ್ರೀ ಸರ್" ಎಂದಳು. ಆಮೇಲೆ ನನಗೇ ಸಮಾಧಾನ ಹೇಳುವಂತೆ, "ನಾ ಯಾರಿಗೂ ಹೇಳೂದಿಲ್ರೀ" ಎಂದು ತರಗತಿಗೆ ಓಡಿದಳು.

ಜನವರಿಯಲ್ಲಿ ಶಾಲೆಯ ವಾರ್ಷಿಕ ಸಮ್ಮೇಳನ ಬಂತು. ಪಾಟೀಲರು ಭಾಷಣದಲ್ಲಿ ನನ್ನ ಗಾಳಿಗುಳ್ಳೆಯ ಪರೀಕ್ಷೆಯನ್ನು ಹದಿನೈದು ನಿಮಿಷ ಬಣ್ಣಿಸಿ, "ಮಕ್ಕಳಿಗೆ ತಮ್ಮ ಕಣ್ಣು ನಂಬೂದು ಕಲಿಸಿದ ಮಾಸ್ತರು" ಎಂದು ಹೇಳಿ ನನ್ನನ್ನು ವೇದಿಕೆಗೆ ಕರೆದು ಹಾರ ಹಾಕಿದರು. ಸಭೆಯಲ್ಲಿ ನನ್ನನ್ನು ಬಿಟ್ಟರೆ ನಿಜ ತಿಳಿದವರು ಇಬ್ಬರೇ. ಶಾಂತವ್ವ ಚಾಪೆಯ ಮೇಲೆ ಕುಳಿತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನಾನು ಹುಡುಕಿದ್ದು ವಾಸಂತಿಯ ಮುಖವನ್ನು. ಉಪಾಯ ಆಕೆಯದು, ಯಂತ್ರ ಆಕೆಯದು, ಹಾರ ನನ್ನ ಕೊರಳಲ್ಲಿ. ಆಕೆಯ ಜಾಗದಲ್ಲಿ ನಾನಿದ್ದರೆ ಹದಿನೈದು ದಿನ ಊಟ ಸೇರುತ್ತಿರಲಿಲ್ಲ. ಒಂದು ಸಣ್ಣ ಮುನಿಸು, ತುಟಿಯ ಒಂದು ಕೊಂಕು, ಏನಾದರೂ ಕಂಡೀತೆಂದು ಆಸೆಯಿಂದ ನೋಡಿದೆ. ಕಂಡಿದ್ದರೆ ನಾವಿಬ್ಬರೂ ಒಂದೇ ಜಾತಿಯ ಪ್ರಾಣಿಗಳೆಂದು ಸಮಾಧಾನವಾಗುತ್ತಿತ್ತು. ಆಕೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಸುಮ್ಮನೆ ಕುಳಿತಿದ್ದ ಇತಿಹಾಸದ ಮಾಸ್ತರರಿಗೂ, "ತಟ್ಟಿ ಸರ್, ತಟ್ಟಿ!" ಎಂದು ಹೇಳುತ್ತಿದ್ದಳು. ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ದೊಡ್ಡ ಮನಸ್ಸು ಇವಳಿಗೇ ಯಾಕೆ ಬಂತು, ನನಗೆ ಯಾಕೆ ಬರಲಿಲ್ಲ ಎಂದು ಯೋಚಿಸುತ್ತ, ಸೇವಂತಿಗೆ ಹಾರದಡಿಯಲ್ಲಿ ನಾನು ಮತ್ತೆ ಹೊಸದಾಗಿ ಉರಿಯತೊಡಗಿದೆ.